ಇಪ್ಪತ್ತನೆಯ ತಲೆ

ನಮ್ಮ ಧಣಿ ಯುದ್ಧಕ್ಕೆ ಹೋಗದೆ ಮನೆಯಲ್ಲೇ ಉಳಿಯಬೇಕಾದರೆ ಅವನ ಬಳಿ ಇಪ್ಪತ್ತು ಜನ ಗುಲಾಮರು ಇರಬೇಕಾಗಿತ್ತು. ನಾವು ಇದ್ದದ್ದು ಸರಿಯಾಗಿ ಇಪ್ಪತ್ತು. ಹತ್ತೊಂಬತ್ತಾದರೆ ಅವನ ಹೆಗಲಿಗೆ ಬಂದೂಕು. ಇಪ್ಪತ್ತಾದರೆ ಊಟದ ಮೇಜು. ಇಂಥದೊಂದು ಕಾನೂನನ್ನು ನಮ್ಮ ದಕ್ಷಿಣದ ಧಣಿಗಳು ಅವರವರೇ ಕೂತು ಮಾಡಿಕೊಂಡಿದ್ದರು, ಸಾವಿರದ ಎಂಟುನೂರ ಅರವತ್ತೆರಡನೇ ಇಸವಿಯ ಅಕ್ಟೋಬರಿನಲ್ಲಿ. ಇಪ್ಪತ್ತು ಕರಿಯರ ಮೇಲೆ ಕಣ್ಣಿಡಲು ಒಬ್ಬ ಬಿಳಿಯ ಗಂಡಸು ಊರಲ್ಲಿರಬೇಕಲ್ಲ, ಅದಕ್ಕಂತೆ.

ಈ ಯುದ್ಧ ಯಾಕೆ ಶುರುವಾಯಿತು ಅಂತ ಈಗ ಓದಿದವರು ದೊಡ್ಡ ದೊಡ್ಡ ಕಾರಣ ಹೇಳುತ್ತಾರೆ. ನಮ್ಮ ಧಣಿ ಹಾರ್ಗ್ರೋವನೂ ಹೇಳುತ್ತಿದ್ದ. ಉತ್ತರದಲ್ಲಿ ಯಾರೋ ಉದ್ದ ಕಾಲಿನವನು ಅಧ್ಯಕ್ಷನಾದ, ನಮ್ಮ ಮಿಸಿಸಿಪ್ಪಿಯವರು ಇವನ ಸಹವಾಸವೇ ಬೇಡ ಅಂತ ಪಾಲು ಬೇರೆ ಮಾಡಿಕೊಂಡರು. ಆ ವಸಂತದಲ್ಲಿ ಧಣಿ ಕೋರ್ಟಿನ ಮೆಟ್ಟಿಲ ಮೇಲೆ ನಿಂತು ಭಾಷಣ ಮಾಡಿದ. "ನಮ್ಮ ಹಕ್ಕು ಕಿತ್ತುಕೊಳ್ಳೋದಕ್ಕೆ ಬರ್ತಿದ್ದಾರೆ" ಅಂತ ಗಂಟಲು ಹರಿದುಕೊಂಡ. ಯಾವ ಹಕ್ಕು ಅಂತ ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಆ ಹಕ್ಕು ಅವನ ಹೆಂಡತಿಗೆ ಕೊಡೆ ಹಿಡಿದುಕೊಂಡು ಪಕ್ಕದಲ್ಲೇ ನಿಂತಿತ್ತು. ನನ್ನ ಹೆಸರು ತಮಾರ್.

ಆವತ್ತು ಬಡ ಬಿಳಿಯರ ಹುಡುಗರು ಎಂಬತ್ತು ಜನ ಹೆಸರು ಬರೆಸಿದರು. ಒಬ್ಬೊಬ್ಬನ ಮನೆಯಲ್ಲೂ ಒಂದು ಹೇಸರಗತ್ತೆ, ನಾಲ್ಕು ಹಂದಿ. ಗುಲಾಮರನ್ನು ಇಟ್ಟುಕೊಂಡವನು ಅವರಲ್ಲಿ ಒಬ್ಬನೂ ಇಲ್ಲ. ಧಣಿ ಅವರಿಗೆ ಬಾವುಟ ಕೊಟ್ಟ, ಸಿಹಿ ಕೊಟ್ಟ, ಬೆನ್ನು ತಟ್ಟಿದ. ತಾನು ಹೋಗಲಿಲ್ಲ. ಮೊದಲು ಹತ್ತಿ ಬಿತ್ತನೆ ಇತ್ತು. ಆಮೇಲೆ ಸೊಂಟ ಹಿಡಿದುಕೊಂಡಿತು. ಮರುವರ್ಷ ಮೂವತ್ತೈದರ ಒಳಗಿನವರೆಲ್ಲ ಕಡ್ಡಾಯವಾಗಿ ಬರಬೇಕು ಅಂತ ಕಾನೂನಾದಾಗ ಅವನಿಗೆ ಮೂವತ್ತೆಂಟು. "ಅಯ್ಯೋ, ಮೂರು ವರ್ಷ ಮುಂಚೆ ಹುಟ್ಟಿಬಿಟ್ಟೆನಲ್ಲ" ಅಂತ ಬಂದವರ ಮುಂದೆಲ್ಲ ಹಲುಬಿದ. ದೇವರು ಕೇಳಿಸಿಕೊಂಡನೋ ಏನೋ, ಸೆಪ್ಟೆಂಬರಿನಲ್ಲಿ ಅದನ್ನು ನಲವತ್ತೈದಕ್ಕೆ ಏರಿಸಿದರು. ಧಣಿ ಎರಡು ದಿನ ಊಟ ಬಿಟ್ಟ. ಆಮೇಲೆ ಈ ಇಪ್ಪತ್ತರ ಕಾನೂನು ಬಂತು, ಮತ್ತೆ ಹಸಿವಾಯಿತು.

ಅದಾದ ಮೇಲೆ ದಿನಾ ಬೆಳಿಗ್ಗೆ ನಮ್ಮನ್ನು ಎಣಿಸುವುದು ಶುರುವಾಯಿತು. ಜಗಲಿಯ ಮೇಲೆ ನಿಂತು ಬೆರಳು ತೋರಿಸಿ ಎಣಿಸುತ್ತಿದ್ದ. ಮೊದಲೆಲ್ಲ ಜ್ವರ ಬಂದರೆ ಹರಳೆಣ್ಣೆ ಕುಡಿಸಿ ಹೊಲಕ್ಕೆ ಅಟ್ಟುತ್ತಿದ್ದವನು ಈಗ ಒಬ್ಬ ಆಳು ಕೆಮ್ಮಿದರೂ ಡಾಕ್ಟರಿಗೆ ಹೇಳಿ ಕಳಿಸುತ್ತಿದ್ದ. ಅಡುಗೆಯ ಸೂಕಿಯ ಮೊಲೆಗೂಸು ಕೂಡ ಲೆಕ್ಕಕ್ಕೆ ಇಡೀ ಒಂದು. ದೇಶದ ಹಳೇ ಕಾನೂನಿನಲ್ಲಿ ಬಿಳಿಯರ ಪ್ರತಿನಿಧಿಗಳೆಷ್ಟು ಅಂತ ಗೊತ್ತುಮಾಡುವಾಗ ನಮ್ಮಲ್ಲಿ ಐದು ಜನರನ್ನು ಸೇರಿಸಿ ಮೂರು ಮನುಷ್ಯರು ಅನ್ನುತ್ತಿದ್ದರಂತೆ. ಈಗ ಹಸುಗೂಸೂ ಪೂರ್ತಿ ಮನುಷ್ಯ. ಯುದ್ಧದಿಂದ ನಮಗೆ ಆದ ಮೊದಲ ಲಾಭ ಇದು.

ನನಗೆ ಮಾತ್ರ ಇನ್ನೊಂದು ಲಾಭವಾಗಿತ್ತು. ನನ್ನ ಮಗಳು ಟೆಂಪಿಗೆ ಆಗ ಒಂಬತ್ತು ವರ್ಷ. ಧಣಿಯ ಹೆಂಡತಿ, ನಮ್ಮ ಅಮ್ಮಾವ್ರ ತಂಗಿ ಮೊಬೀಲ್ ಪಟ್ಟಣದಲ್ಲಿದ್ದಳು, ಬಾಣಂತಿ. ಮಗು ಆಡಿಸಲು ಒಂದು ಹುಡುಗಿಯನ್ನು ಉಡುಗೊರೆ ಕಳಿಸುತ್ತೇನೆ ಅಂತ ಅಮ್ಮಾವ್ರು ಬೇಸಿಗೆಯಲ್ಲೇ ಕಾಗದ ಬರೆದಿದ್ದರು. ಆ ಹುಡುಗಿ ಟೆಂಪಿ. ಹತ್ತಿ ಬಿಡಿಸುವ ಭರಾಟೆ ತಗ್ಗಿದ ಮೇಲೆ ಕಳಿಸುವುದು ಅಂತ ಮಾತಾಗಿತ್ತು. ಇಡೀ ಬೇಸಿಗೆ ನಾನು ಅವಳ ತಲೆ ಬಾಚುವಾಗ ಅತ್ತಿದ್ದೇನೆ. ಅವಳ ಅಪ್ಪನನ್ನು ಹೀಗೇ ಕಳಿಸಿದ್ದರು, ಎಲ್ಲಿದ್ದಾನೋ ಗೊತ್ತಿಲ್ಲ. ಈಗ ಟೆಂಪಿಯನ್ನು ಕಳಿಸಿದರೆ ಹತ್ತೊಂಬತ್ತು. ಆದ್ದರಿಂದ ಕಳಿಸುವುದಿಲ್ಲ ಅಂತ ಧಣಿ ಹೆಂಡತಿಗೆ ಹೇಳಿದ. ಅಮ್ಮಾವ್ರು ಕೋಣೆಯ ಬಾಗಿಲು ಹಾಕಿಕೊಂಡರು. ಆ ಕಾನೂನು ಮಾಡಿದವರ ಹೊಟ್ಟೆ ತಣ್ಣಗಿರಲಿ ಅಂತ ನಾನು ಹರಸಿದೆ. ಗುಲಾಮರ ಪೈಕಿ ಅವರನ್ನು ಹರಸಿದವಳು ನಾನೊಬ್ಬಳೇ ಇರಬೇಕು.

ನನ್ನ ಅವ್ವ ಫಿಬಿ ಈ ಇಪ್ಪತ್ತರಲ್ಲಿ ಇರಲಿಲ್ಲ. ಅವಳು ಸ್ವತಂತ್ರಳು.

ಅದು ಆದದ್ದು ಹೀಗೆ. ಯುದ್ಧಕ್ಕೆ ಮುಂಚೆ ಒಂದು ಕ್ರಿಸ್ಮಸ್. ಅವ್ವನಿಗೆ ಎಪ್ಪತ್ತು ಹತ್ತಿರವಾಗಿತ್ತು. ಐವತ್ತು ವರ್ಷ ಹತ್ತಿ ಬಿಡಿಸಿ ಬೆರಳುಗಳು ಸೊಟ್ಟಗಾಗಿ ಹಾಗೇ ನಿಂತುಬಿಟ್ಟಿದ್ದವು. ಒಣಗಿದ ಹತ್ತಿಕಾಯಿಯ ತುದಿ ಉಗುರಿನ ಬುಡಕ್ಕೆ ಚುಚ್ಚುತ್ತದೆ. ಒಂದು ದಿನ ಚುಚ್ಚಿದರೆ ಗಾಯ, ಐವತ್ತು ವರ್ಷ ಚುಚ್ಚಿದರೆ ಬೆರಳು ಕೊಂಬಾಗುತ್ತದೆ. ಅವಳಿಂದ ದಿನಕ್ಕೆ ಮೂವತ್ತು ಪೌಂಡೂ ಬಿಡಿಸಲು ಆಗುತ್ತಿರಲಿಲ್ಲ. ಆವತ್ತು ಮನೆ ತುಂಬ ನೆಂಟರು. ಪ್ರಾರ್ಥನೆ ಮುಗಿದ ಮೇಲೆ ಧಣಿ ಎದ್ದು ನಿಂತ. "ಫಿಬಿ ನಮ್ಮ ಮನೆತನಕ್ಕೆ ಜೀವ ತೇಯ್ದಿದ್ದಾಳೆ. ದೇವರ ಹುಟ್ಟಿದ ದಿನ ಅವಳಿಗೆ ನಾನು ಸ್ವಾತಂತ್ರ್ಯ ಕೊಡ್ತಾ ಇದ್ದೀನಿ" ಅಂದ. ಪಾದ್ರಿ ಕಣ್ಣು ಮುಚ್ಚಿ ಆಶೀರ್ವಾದ ಮಾಡಿದ. ನೆಂಟರ ಹೆಂಗಸರು ಕಣ್ಣೊರೆಸಿಕೊಂಡರು. ಮರುದಿನದಿಂದ ಅವ್ವನ ಪಡಿ ನಿಂತಿತು. ವಾರಕ್ಕೆ ಇಷ್ಟು ಮೆಕ್ಕೆಜೋಳದ ಹಿಟ್ಟು, ಇಷ್ಟು ಉಪ್ಪು ಹಂದಿಮಾಂಸ ಅಂತ ಗುಲಾಮರಿಗೆ ಕೊಡುವ ಪಡಿ ಅದು. ಸ್ವತಂತ್ರರಿಗೆ ಯಾಕೆ?

ಜೌಗಿನ ಅಂಚಿನಲ್ಲಿ ಹಂದಿ ಕಾಯುವವನ ಪಾಳು ಗುಡಿಸಲಿತ್ತು. ಅವಳನ್ನು ಅಲ್ಲಿಗೆ ಬಿಟ್ಟರು. ಕಾಗದ ಪತ್ರ ಏನೂ ಇಲ್ಲ. ನಮ್ಮ ರಾಜ್ಯದಲ್ಲಿ ಗುಲಾಮರನ್ನು ಬಿಡುಗಡೆ ಮಾಡುವುದೇ ಕಾನೂನಿಗೆ ವಿರುದ್ಧ. ಆದರೆ ದುಡಿಯಲಾಗದ ಮುದುಕಿಯನ್ನು ಬಿಟ್ಟರೆ ಯಾವ ಶೆರಿಫ್ ಬಂದು ಕೇಳುತ್ತಾನೆ? ನಾನು ನನ್ನ ಹಿಟ್ಟಿನಲ್ಲಿ ಅರ್ಧ ಒಯ್ದು ಕೊಡುತ್ತಿದ್ದೆ. ಅವಳು ಸೊಪ್ಪು ಕಿತ್ತು, ಮೀನು ಹಿಡಿದು, ಮೊಲಕ್ಕೆ ಉರುಲು ಒಡ್ಡಿ ಹೇಗೋ ಬದುಕಿದ್ದಳು.

ಒಂದು ಸಲ ಕೇಳಿದ್ದೆ. "ಸ್ವಾತಂತ್ರ್ಯ ಹೆಂಗದೆ ಅವ್ವ?"

"ಹಸೀತದೆ ಕಣೆ" ಅಂದಿದ್ದಳು.

ಡಿಸೆಂಬರ್ ಮೊದಲ ವಾರ ಧಣಿ ನನ್ನನ್ನು ಜಗಲಿಗೆ ಕರೆಸಿದ. "ತಮಾರ್, ಛಳಿ ಜೋರಾಗಿದೆ. ನಿಮ್ಮವ್ವ ಆ ಜೌಗಿನಲ್ಲಿ ಒಬ್ಬಳೇ ಏನು ಮಾಡ್ತಾಳೆ ಪಾಪ. ಕರ್ಕೊಂಡು ಬಾ. ಅಡುಗೆಮನೆ ಪಕ್ಕದ ಕೋಣೆ ಖಾಲಿ ಇದೆ" ಅಂದ.

ನಾನು ಅವನ ಕಾಲು ಮುಟ್ಟಿದೆ. ನಿಜವಾಗಿ ಮುಟ್ಟಿದೆ. ಈಗ ನೆನೆದರೆ ನನ್ನ ಕೈ ಮೇಲೆ ನನಗೇ ಉಗಿಯಬೇಕು ಅನ್ನಿಸುತ್ತದೆ. ಸಂತೋಷ ಬಂದರೆ ಬುದ್ಧಿ ಮಂಕಾಗುತ್ತದೆ. ಕೆಲಸ ಮುಗಿದ ಕೂಡಲೇ ಜೌಗಿಗೆ ಓಡಿದೆ.

ಅವ್ವ ಕೇಳಿ ನಕ್ಕಳು. "ಆಡಿಗೆ ಬೆಲ್ಲ ತಿನ್ಸಾದು ಯಾವಾಗ ಅಂತ ನಿಂಗೊತ್ತಿಲ್ವೇನೆ?"

"ನಿನ್ನ ಕುಯ್ದು ಅವ್ನು ಏನ್ ತಿಂದಾನು? ಮೂಳೆ ಬುಟ್ರೆ ಏನದೆ ನಿನ್ತಾವ? ಬೆಂಕಿ ಅದೆ, ಕಂಬಳಿ ಅದೆ, ಸೂಕಿ ರೊಟ್ಟಿ ಸುಡ್ತಾಳೆ. ಬಾರವ್ವ."

"ಅವ್ನು ಸುಮ್ಕೆ ಕೊಡಲ್ಲ. ಅವ್ನಪ್ಪನೂ ಸುಮ್ಕೆ ಕೊಟ್ಟೋನಲ್ಲ. ಅವ್ನಪ್ಪುಂಗೆ ಮೊಲೆಹಾಲು ಕೊಟ್ಟೋಳು ನಮ್ಮವ್ವ, ನಂಗೊತ್ತು."

"ನನ್ನಾಣೆಗೂ ಬಾ. ಈ ಛಳೀಲಿ ನೀನು ಸತ್ತೋದ್ರೆ ನಾನೇನ್ ಮಾಡ್ಲಿ?"

ನಾನು ಅತ್ತೆ. ಅದಕ್ಕೇ ಬಂದಳು. ಅವಳನ್ನು ಕರೆತಂದವಳು ಧಣಿಯಲ್ಲ, ನಾನು.

ನಾಲ್ಕು ದಿನ ಅವ್ವನಿಗೆ ಮದುವಣಗಿತ್ತಿಯ ಉಪಚಾರ. ಹೊಸ ಕಂಬಳಿ. ಹಾಲು. ಧಣಿಯ ಹಳೆಯ ಬೂಟು. ಕಾಫಿ ಬೀಜ ಕಂಡು ಊರಿಗೆಲ್ಲ ವರ್ಷವಾಗಿತ್ತು, ಗೆಣಸು ಹುರಿದು ಕುದಿಸಿ ಅದನ್ನೇ ಕಾಫಿ ಅನ್ನುತ್ತಿದ್ದರು. ಆ ಗೆಣಸಿನ ಕಾಫಿಯೂ ಅವ್ವನ ಕೋಣೆಗೆ ಬರುತ್ತಿತ್ತು. ಧಣಿ ಬೆಳಿಗ್ಗೆ ಬಂದು "ಹೇಗಿದ್ದೀಯ ಫಿಬಿ?" ಅಂತ ಕೇಳುತ್ತಿದ್ದ. ಮೂರು ವರ್ಷ ಬದುಕಿದ್ದಾಳೋ ಇಲ್ಲವೋ ಅಂತ ಕೇಳದವನು. ಅವ್ವ ಹಾಲು ಕುಡಿದು ಬಟ್ಟಲು ಕೆಳಗಿಟ್ಟು ಅವನನ್ನೇ ನೋಡುತ್ತಿದ್ದಳು.

ಐದನೇ ದಿನ ಸೈನ್ಯದ ಕಡೆಯಿಂದ ನಮ್ಮನ್ನು ಎಣಿಸುವವನು ಬರುವುದಿತ್ತು. ಬೆಳಿಗ್ಗೆ ನಾನು ಹೊಲದ ಮೊದಲ ಸಾಲಿನಲ್ಲಿದ್ದೆ. ಸೂಕಿ ಕೋಳಿಗೆ ಕಾಳು ಹಾಕುವ ನೆಪದಲ್ಲಿ ಬೇಲಿಯ ತನಕ ಬಂದಳು. ಅವಳ ಮುಖ ಬೂದಿಯಾಗಿತ್ತು.

"ಟೆಂಪಿಗೆ ಸ್ನಾನ ಮಾಡ್ಸವ್ರೆ ಕಣೆ. ಅಮ್ಮಾವ್ರು ಹಳೇ ಲಂಗ ಹಾಕವ್ರೆ. ಗಾಡಿ ಕಟ್ತಾವ್ರೆ. ರೈಲಿಗಂತೆ."

"ಕಳ್ಸಂಗಿಲ್ವಲ್ಲೇ. ಹತ್ತೊಂಬತ್ತಾಯ್ತದೆ."

"ಅಯ್ಯೋ ಪೆದ್ದಿ. ನಿಮ್ಮವ್ವುನ್ನ ಯಾಕೆ ಕರ್ಸುದ್ರು ಅಂದ್ಕಂಡಿದ್ದೆ? ಮುದ್ಕಿ ಬಂದ್ಲು, ಇಪ್ಪತ್ತೊಂದಾಯ್ತು. ಮಗು ಹೋದ್ರೆ ಇಪ್ಪತ್ತು. ರಾತ್ರಿ ಊಟಕ್ಕೆ ಕೂತಾಗ ಇಬ್ರೂ ನಗ್ತಿದ್ರು."

ಚೀಲ ಅಲ್ಲೇ ಬಿಟ್ಟು ಓಡಿದೆ. ಅವ್ವ ಕೋಣೆಯಲ್ಲಿ ಬೂಟು ಹಾಕಿಕೊಂಡು ಕೂತಿದ್ದಳು. ಅರ್ಧ ಅಳುತ್ತ, ಅರ್ಧ ಉಸಿರು ಎಳೆಯುತ್ತ ಹೇಳಿದೆ. ನಾನೇ ಮಾಡಿದ್ದು ಅಂದೆ. ನಾನೇ ನಿನ್ನನ್ನು ಎಳೆತಂದು ನನ್ನ ಮಗಳನ್ನು ಕಳೆದುಕೊಂಡೆ ಅಂದೆ. ಗೋಡೆಗೆ ತಲೆ ಚಚ್ಚಿಕೊಂಡೆ.

ಅವ್ವ ನನ್ನ ಜುಟ್ಟು ಹಿಡಿದು ಎಳೆದಳು. "ತಲೆ ಹಾಳ್ ಮಾಡ್ಕಬ್ಯಾಡ, ಇವತ್ತು ತಲೆ ಎಣ್ಸೋ ದಿನ. ಹೋಗಿ ಸಾಲ್ನಲ್ಲಿ ನಿಂತ್ಕ."

ಎಣಿಸುವವನ ಹೆಸರು ಡಾಬ್ಸ್. ಆ ಎಂಬತ್ತು ಹುಡುಗರಲ್ಲಿ ಒಬ್ಬ. ಎಡಗೈ ಶೈಲೋದ ಕಾಳಗದಲ್ಲಿ ಹೋಗಿತ್ತು, ಖಾಲಿ ತೋಳನ್ನು ಮಡಚಿ ಪಿನ್ನು ಚುಚ್ಚಿದ್ದ. ಅಣ್ಣ ಅಲ್ಲೇ ಮಣ್ಣಾಗಿದ್ದ. ಈಗ ಯುದ್ಧಕ್ಕೆ ಹೋಗದೆ ಉಳಿದವರನ್ನು ಹುಡುಕುವ ಕೆಲಸವನ್ನು ಸೈನ್ಯದವರು ಅವನಿಗೆ ಕೊಟ್ಟಿದ್ದರು. ಸಾಕ್ಷಿ ಸಹಿ ಹಾಕಲು ಪಾದ್ರಿಯೂ ಬಂದಿದ್ದ, ಸಹಿಗೆ ಮುಂಚೆ ಹಂದಿ ತೊಡೆಯ ನಾಷ್ಟಾ ಮುಗಿಸಿದ್ದ. ಅಂಗಳದ ಆಚೆ ಗೇಟಿನ ಹತ್ತಿರ ಗಾಡಿ ನಿಂತಿತ್ತು. ಟೆಂಪಿ ಒಂದು ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅಷ್ಟು ದೂರದಿಂದ ನನಗೆ ಅವಳ ಮಂಡಿ ಕಾಣುತ್ತಿತ್ತು. ಅವಳು ಕೂಗಲಿಲ್ಲ, ಕೂಗಬಾರದು ಅಂತ ಯಾರೋ ಹೇಳಿದ್ದರು ಅಂತ ಕಾಣುತ್ತದೆ.

ಡಾಬ್ಸ್ ಸಾಲಿನ ಆ ತುದಿಯಿಂದ ಬಂದ. ಒಂದೊಂದು ತಲೆಗೂ ಪೆನ್ಸಿಲ್ ಕುಟ್ಟಿದ. ಸೂಕಿಯ ಕೂಸಿನ ತಲೆಗೂ ಕುಟ್ಟಿದ. ನಾನು ಹತ್ತೊಂಬತ್ತು. ನನ್ನ ಪಕ್ಕದಲ್ಲಿ ಅವ್ವ.

"ಹೆಸರು?"

"ಫಿಬಿ."

"ಯಾರ ಆಳು?"

"ಯಾರ್ದೂ ಅಲ್ಲ ಬುದ್ದಿ. ನಂಗೆ ಬುಡುಗಡೆ ಆಗದೆ."

ಧಣಿ ನಕ್ಕ. "ಮುದುಕಿಗೆ ಅರಳುಮರಳು. ಬರ್ಕೊಳ್ಳಿ ಡಾಬ್ಸ್, ಇಪ್ಪತ್ತು."

"ಅರಳುಮರಳು ಆಗಿದ್ರೆ ಆ ದಿನ ಮರ್ತೋಗ್ತಿತ್ತಲ್ಲ ಬುದ್ದಿ. ಕ್ರಿಸ್ಮಸ್ಸಿನ್ ದಿನ. ನೀವು ಹಸ್ರು ಕೋಟು ಹಾಕಿದ್ರಿ. ದ್ಯಾವ್ರ್ ಹುಟ್ಟಿದ್ ದಿನ ಸ್ವಾತಂತ್ರ್ಯ ಕೊಡ್ತೀನಿ ಅಂದ್ರಿ. ಪಾದ್ರಿಗೋಳು ಇಲ್ಲೇ ಅವ್ರೆ, ಕೇಳ್ರಲ್ಲ."

ಡಾಬ್ಸ್ ಪಾದ್ರಿಯ ಕಡೆ ತಿರುಗಿದ. ಪಾದ್ರಿ ತನ್ನ ಟೋಪಿಯೊಳಗೆ ಏನೋ ಹುಡುಕಿದ.

"ಪ್ರಾರ್ಥನೆ ಮಾಡಿದ್ದು ನಿಜ" ಅಂದ. "ಅದು ಒಂದು ಭಾವನೆ ಅಷ್ಟೇ. ಕಾನೂನಿನ ಮಾತಲ್ಲ."

"ಮೂರು ವರ್ಷದಿಂದ ಇವಳಿಗೆ ಪಡಿ ಕೊಟ್ಟಿದ್ದೀರಾ ಸರ್?" ಡಾಬ್ಸ್ ಧಣಿಯನ್ನು ಕೇಳಿದ.

ಧಣಿ ಬಾಯಿ ತೆರೆಯುವ ಮುಂಚೆ ಅವ್ವ ಅಂದಳು, "ನಮ್ ಧಣೇರು ದ್ಯಾವ್ರ್ ಮುಂದೆ ಕೊಟ್ಟಿದ್ದ ತಿರ್ಗ ಈಸ್ಕಳೋ ಪೈಕಿ ಅಲ್ಲ. ಅಂಗೆಲ್ಲ ಅವ್ರ್ ಮಾನ ಕಳೀಬ್ಯಾಡಿ."

"ಏಯ್, ಮುಚ್ಚೇ ಬಾಯಿ!"

ಡಾಬ್ಸ್ ಪೆನ್ಸಿಲನ್ನು ಬಾಯಲ್ಲಿ ಕಚ್ಚಿಕೊಂಡು ಒಂದೇ ಕೈಯಲ್ಲಿ ಹಾಳೆ ತಿರುವಿದ. ನಿಧಾನವಾಗಿ ತಿರುವಿದ. ಆ ಮನುಷ್ಯನಿಗೆ ನಮ್ಮ ಮೇಲೆ ಪ್ರೀತಿ ಏನೂ ಇರಲಿಲ್ಲ. ನಮ್ಮನ್ನು ಕಂಡರೆ ಉಗಿಯುವ ಜಾತಿಯವನೇ. ಆದರೆ ಅವತ್ತು ಅವನ ಮುಖದಲ್ಲಿ ಹಬ್ಬ ಇತ್ತು.

"ಬಿಡುಗಡೆ ಮಾಡಿದ್ದು ನಿಜವಾದ್ರೆ ಕಾನೂನು ಮುರಿದಿದ್ದೀರಿ. ಸುಳ್ಳಾದ್ರೆ ದೇವರ ಎದುರು ಸುಳ್ಳು ಹೇಳಿದ್ದೀರಿ. ಅದೆಲ್ಲ ನನ್ನ ಕೆಲಸ ಅಲ್ಲ. ನಾನು ಹತ್ತೊಂಬತ್ತು ಅಂತ ಬರ್ಕೊಳ್ತೀನಿ. ನಾಳಿದ್ದು ಬೆಳಿಗ್ಗೆ ಸ್ಟೇಷನ್ನಿಗೆ ಬನ್ನಿ ಸರ್. ನೀವು ಬಾವುಟ ಕೊಟ್ಟಿರಲ್ಲ, ಅದೇ ಕಂಪನಿ. ಜಾಗ ಬೇಕಾದಷ್ಟಿದೆ. ನಮ್ಮಣ್ಣನ ಜಾಗವೂ ಖಾಲಿ ಇದೆ."

ಆಗ ಧಣಿ ಓಡಿದ. ಅವನು ಓಡಿದ್ದನ್ನು ನಾವು ಯಾರೂ ಅವತ್ತಿನವರೆಗೆ ನೋಡಿರಲಿಲ್ಲ. ಹೊಟ್ಟೆ ಕುಣಿಸಿಕೊಂಡು, ಕೆಸರು ಹಾರಿಸಿಕೊಂಡು ಗೇಟಿನ ತನಕ ಓಡಿದ. ಗಾಡಿಯಿಂದ ಟೆಂಪಿಯನ್ನು ಎತ್ತಿ ಎದೆಗೆ ಅವಚಿಕೊಂಡು ವಾಪಸ್ಸು ಓಡಿಬಂದ. ಹೆತ್ತ ತಂದೆ ಕೂಡ ಹಾಗೆ ಹೊರುವುದಿಲ್ಲ. ನನ್ನ ಪಕ್ಕದಲ್ಲಿ ಇಳಿಸಿ ಅವಳ ಲಂಗದ ಧೂಳು ಕೊಡವಿದ.

"ಇದನ್ನ ಎಣಿಸಿಲ್ಲ ನೀವು! ಇದು ನಮ್ಮದು! ಇಪ್ಪತ್ತು!"

ಜಗಲಿಯಿಂದ ಅಮ್ಮಾವ್ರು ಗಂಡನ ಹೆಸರು ಹಿಡಿದು ಕಿರುಚಿದರು. "ಲೂಷಿಯಸ್! ನನ್ನ ತಂಗಿಗೆ ಏನಂತ ಬರೀಲಿ ನಾನು?"

"ಯುದ್ಧ ನಡೀತಿದೆ ಅಂತ ಬರಿ!"

ಡಾಬ್ಸ್ ಟೆಂಪಿಯ ತಲೆಗೆ ಪೆನ್ಸಿಲ್ ಕುಟ್ಟಿದ. ಬರೆದುಕೊಂಡ. ಹಬ್ಬ ಮುಗಿದವನಂತೆ ಕುದುರೆ ಹತ್ತಿದ. ನಾನು ಟೆಂಪಿಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವಳು "ನೋಯ್ತದೆ ಅವ್ವ" ಅಂದಳು.

ಡಾಬ್ಸನ ಕುದುರೆ ತಿರುವಿನಲ್ಲಿ ಮರೆಯಾದ ಮೇಲೆ ಧಣಿ ಅವ್ವನ ಕಂಬಳಿ ಕಿತ್ತುಕೊಂಡ. ಬೂಟು ಬಿಚ್ಚಿಸಿದ. ಹೊಡೆಯಲು ಚಾಟಿ ಎತ್ತಿದ. ಅವ್ವ ಬರಿಗಾಲಲ್ಲಿ ನಿಂತು, "ಊರೆಲ್ಲ ಕೇಳಂಗೆ ಆಗದೆ ಬುದ್ದಿ, ನಾನು ನಿಮ್ಮೋಳಲ್ಲ. ಪಾದ್ರಿಗೋಳು ಇನ್ನೂ ಒಳ್ಗೇ ಅವ್ರೆ" ಅಂದಳು. ಅವನು ಚಾಟಿ ಇಳಿಸಿದ. ಆಮೇಲೆ ನನ್ನನ್ನು ಮಾಂಸಕ್ಕೆ ಹೊಗೆ ಹಾಕುವ ಕೊಟ್ಟಿಗೆಯ ಕಂಬಕ್ಕೆ ಕಟ್ಟಿಸಿದ. ಅವಳು ಸ್ವತಂತ್ರಳು, ಹೊಡೆಯುವಂತಿಲ್ಲ. ನಾನು ಅವನವಳು. ಮೂವತ್ತು ಏಟು. ಹನ್ನೊಂದರ ತನಕ ನಾನು ಎಣಿಸಿದೆ, ಮಿಕ್ಕದ್ದನ್ನು ಸೂಕಿ ಎಣಿಸಿ ಹೇಳಿದ್ದು. ಉಪ್ಪುನೀರು ಎರಚಿದಾಗ ಎಚ್ಚರವಾಯಿತು. ಅವ್ವ ಆಗಲೇ ಜೌಗಿನ ಗುಡಿಸಲಿಗೆ ವಾಪಸ್ಸು ಹೋಗಿದ್ದಳು. ಮೂರನೇ ದಿನ ಮತ್ತೆ ಹತ್ತಿ ಬಿಡಿಸಲು ಹೋದೆ. ಚೀಲದ ಪಟ್ಟಿ ಗಾಯದ ಮೇಲೇ ಕೂರುತ್ತಿತ್ತು.

ಕ್ರಿಸ್ಮಸ್ಸಿಗೆ ಮುಂಚಿನ ವಾರ ಹೊಳೆಯ ಕಡೆಯಿಂದ ತೋಪಿನ ಸದ್ದು ಬರತೊಡಗಿತು. ಉತ್ತರದವರ ಹಡಗುಗಳು. ಈ ಉತ್ತರದ ಯಾಂಕಿಗಳಿಗೆ ಕೊಂಬು ಇರುತ್ತದೆ, ಕರಿಯರ ಮಕ್ಕಳನ್ನು ಕ್ಯೂಬಾಕ್ಕೆ ಮಾರುತ್ತಾರೆ ಅಂತ ಅಮ್ಮಾವ್ರು ನಮಗೆಲ್ಲ ಹೇಳಿದರು. ಮಕ್ಕಳನ್ನು ಮಾರುವವರು ಎಂಥ ಪಾಪಿಗಳು ಅಂತ ಅವರ ಕಣ್ಣಲ್ಲಿ ನೀರು ಬಂತು. ನಾವು ಉತ್ತರದವರ ಕೈಗೆ ಸಿಗಬಾರದು ಅಂತ ಧಣಿ ನಮ್ಮೆಲ್ಲರನ್ನೂ ದೂರದ ಟೆಕ್ಸಾಸಿಗೆ ನಡೆಸಿಕೊಂಡು ಹೋಗುವ ಏರ್ಪಾಡು ಮಾಡಲು ಪೇಟೆಗೆ ಹೋದ. ಇಪ್ಪತ್ತು ಜನರನ್ನೂ. ಅವ್ವ ಆ ಲೆಕ್ಕದಲ್ಲಿ ಇರಲಿಲ್ಲವಲ್ಲ, ಅವಳು ಜೌಗಿನಲ್ಲೇ ಉಳಿಯುತ್ತಾಳೆ.

ಅವತ್ತು ಮಂಜು ಕವಿದಿತ್ತು. ಸಾಲಿನ ತುದಿ ಜೌಗಿಗೆ ತಾಗುವ ಕಡೆ ನಾನು ನಿಂತೆ. ಚೀಲದಲ್ಲಿದ್ದ ಹತ್ತಿಯನ್ನೆಲ್ಲ ಕೆಸರಿಗೆ ಸುರಿದೆ. ಟೆಂಪಿಯ ಕೈ ಹಿಡಿದು ಗುಡಿಸಲಿಗೆ ಹೋದೆ.

"ನನ್ ಮಂಡಿ ನೋಡು" ಅಂದಳು ಅವ್ವ. "ಹೊಳೆ ಮೂರು ಮೈಲಿ. ನೀವಿಬ್ರೂ ಹೋಗಿ."

"ಚೀಲದೊಳಿಕ್ಕೆ ಕೂತ್ಕ."

"ಏನು?"

"ಕೂತ್ಕ ಅಂದೆ."

ಒಂಬತ್ತು ಅಡಿಯ ಚೀಲ ಅದು. ಹದಿಮೂರು ವರ್ಷದವಳಿದ್ದಾಗಿನಿಂದ ನಾನು ಅದನ್ನು ಹೆಗಲಿಗೆ ಹಾಕಿಕೊಂಡು ನೆಲದ ಮೇಲೆ ಎಳೆದಿದ್ದೇನೆ, ತುಂಬಿದಾಗ ನೂರು ಪೌಂಡು. ಅವ್ವ ಅಷ್ಟೂ ತೂಗುತ್ತಿರಲಿಲ್ಲ. ಪಟ್ಟಿ ಹೆಗಲಿಗೆ ಹಾಕಿದೆ. ಗಾಯದ ಹಕ್ಕಳೆ ಕಿತ್ತು ರಕ್ತ ಬೆನ್ನಿನ ಮೇಲೆ ಬಿಸಿಯಾಗಿ ಇಳಿಯಿತು. ಟೆಂಪಿ ಹಿಂದಿನಿಂದ ತಳ್ಳಿದಳು. ಕೆಸರಿನಲ್ಲಿ ಚೀಲ ಜಾರುತ್ತಿತ್ತು, ಬೇರಿಗೆ ಸಿಕ್ಕಿದಾಗ ಅವ್ವ ಒಳಗಿನಿಂದ ನನಗೆ ಬೈಯುತ್ತಿದ್ದಳು. ಹಿಂದೆಲ್ಲ ಓಡಿಹೋದವರನ್ನು ನಾಯಿ ಬಿಟ್ಟು ಹಿಡಿಯುವ ಗಸ್ತಿನವರು ಇರುತ್ತಿದ್ದರು. ಈಗ ಅವರೆಲ್ಲ ಗುಲಾಮರನ್ನು ಉಳಿಸಿಕೊಳ್ಳುವ ಯುದ್ಧಕ್ಕೆ ಹೋಗಿದ್ದರು. ನಮ್ಮನ್ನು ಹಿಡಿಯುವವರು ಯಾರೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಳೆ ಕಂಡಿತು.

ಹದಿನೆಂಟಾದ ಮೇಲೆ ಧಣಿಯ ಗತಿ ಏನಾಯಿತು ಅಂತ ಆಮೇಲೆ ಓಡಿಬಂದ ಸೂಕಿ ಹೇಳಿದಳು. ಟೆಕ್ಸಾಸಿಗೆ ಹೊರಡುವ ಮುಂಚೆಯೇ ಡಾಬ್ಸ್ ಬಂದು ಕರೆದೊಯ್ದನಂತೆ. ಧಣಿ ಕೊನೆಗೂ ತನ್ನ ಹಕ್ಕಿಗಾಗಿ ಹೋರಾಡಲು ಹೋದ, ಅದಕ್ಕೆ ನಾವಿಬ್ಬರು ಓಡಬೇಕಾಯಿತು.

ಹಡಗಿನವರಿಗೆ ಕೊಂಬು ಇರಲಿಲ್ಲ. ನಮ್ಮನ್ನು ಹತ್ತಿಸಿಕೊಂಡು ಆಚೆ ದಡದ ಶಿಬಿರದಲ್ಲಿ ಇಳಿಸಿದರು. ಅಲ್ಲಿ ನಮ್ಮಂಥವರು ಸಾವಿರಾರು. ಒಂದು ಮೇಜು, ಒಬ್ಬ ಕನ್ನಡಕದ ಗುಮಾಸ್ತ.

"ಯಾರ ಮಾಲು?" ಅಂದ.

"ಏನು?"

"ನಿಮ್ಮ ಮಾಲೀಕ ಯಾರು ಅಂತ. ಶತ್ರುವಿನ ಸ್ವತ್ತನ್ನು ಯುದ್ಧದಲ್ಲಿ ನಾವು ಜಪ್ತಿ ಮಾಡಬಹುದು, ಹಾಗಂತ ನಿಯಮ. ನೀವು ಈಗ ಜಪ್ತಿ ಮಾಲು. ಗಾಬರಿ ಬೇಡ, ಒಳ್ಳೆಯದಕ್ಕೇ. ಪಟ್ಟಿಯಲ್ಲಿ ಹೆಸರಿದ್ದರೆ ಪಡಿ ಸಿಗುತ್ತೆ. ಮೂರು ಜನ ಅಲ್ಲವಾ?"

"ಎಲ್ಡು" ಅಂದಳು ಅವ್ವ. "ನಾನು ಯಾರ್ ಮಾಲೂ ಅಲ್ಲ. ನಂಗೆ ಬುಡುಗಡೆ ಆಗದೆ."

"ಕಾಗದ ಇದೆಯಾ?"

"ಇಲ್ಲ."

"ಕಾಗದ ಇಲ್ಲ ಅಂದ್ರೆ ಸ್ವತಂತ್ರಳಲ್ಲ. ಜಪ್ತಿ ಮಾಲೂ ಅಲ್ಲ ಅಂದ್ರೆ ಪಡಿ ಇಲ್ಲ. ಯೋಚನೆ ಮಾಡು ಅಜ್ಜಿ."

ನಾನು ಅವ್ವನ ಕಾಲು ಹಿಡಿದುಕೊಂಡೆ. "ಒಂದ್ ಮಾತು ತಾನೇ ಅವ್ವ. ಹೂಂ ಅನ್ನು. ಹೊಟ್ಟೆಗೆ ಸಿಕ್ತದೆ."

"ನಿನ್ ಮಾತು ಕೇಳಿ ಒಂದ್ಸಲ ಸಾಲ್ನಲ್ಲಿ ನಿಂತಿದ್ದೆ. ಸಾಕು."

ಅವಳು ಹೆಸರು ಬರೆಸಲಿಲ್ಲ. ನಮ್ಮಿಬ್ಬರ ಪಡಿಯಲ್ಲಿ ಮೂವರು ತಿಂದೆವು. ನಾನೂ ಟೆಂಪಿಯೂ ಬೆಳಗಿಂದ ಸಂಜೆಯವರೆಗೆ ಸಿಪಾಯಿಗಳ ಬಟ್ಟೆ ಒಗೆದೆವು. ಸೋಪಿನ ಖಾರಕ್ಕೆ ಕೈ ಸುಲಿಯುತ್ತಿತ್ತು. ಆದರೆ ಟೆಂಪಿ ನನ್ನ ಪಕ್ಕದಲ್ಲಿ ನಿಂತು ಒಗೆಯುತ್ತಿದ್ದಳು. ತಿರುಗಿ ನೋಡಿದಾಗಲೆಲ್ಲ ಅಲ್ಲೇ ಇದ್ದಳು. ಅದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ. ಜನವರಿ ಒಂದರಂದು ಒಬ್ಬ ಅಧಿಕಾರಿ ಪೆಟ್ಟಿಗೆಯ ಮೇಲೆ ನಿಂತು ಒಂದು ಹಾಳೆ ಓದಿದ. ಇವತ್ತಿನಿಂದ ನೀವೆಲ್ಲ ಸ್ವತಂತ್ರರು ಅಂದ. ಜನ ಕುಣಿದರು, ಮಣ್ಣಿಗೆ ಮುತ್ತಿಟ್ಟರು. ನಾನೂ ಅತ್ತೆ. ಅವ್ವ ಹೊದಿಕೆಯೊಳಗಿಂದ "ಹಳೇ ಸುದ್ದಿ" ಅಂದಳು. ಮರುದಿನವೂ ಗುಮಾಸ್ತನ ಪಟ್ಟಿಯ ತಲೆಬರಹ ಜಪ್ತಿ ಮಾಲು ಅಂತಲೇ ಇತ್ತು. ಹೊಸ ಹಾಳೆ ಅಚ್ಚಾಗಿ ಬಂದಿಲ್ಲ ಅಂದ.

ಫೆಬ್ರವರಿಯಲ್ಲಿ ಶಿಬಿರಕ್ಕೆ ಜ್ವರ ಬಿತ್ತು. ದಿನಕ್ಕೆ ಹತ್ತು, ಹದಿನೈದು ಹೆಣ. ಅವ್ವ ಮೂರು ದಿನ ಮಲಗಿದಳು. ನಾಲ್ಕನೇ ದಿನ ಬೆಳಿಗ್ಗೆ ಬಟ್ಟೆಯ ಗಂಟು ಎತ್ತಿಕೊಳ್ಳುವ ಮುಂಚೆ ಮುಟ್ಟಿ ನೋಡಿದೆ, ತಣ್ಣಗಿದ್ದಳು. ಸೊಟ್ಟ ಬೆರಳುಗಳನ್ನು ನೇರ ಮಾಡಲು ನೋಡಿದೆ. ಆಗಲಿಲ್ಲ.

ಹೂಳುವ ಕೆಲಸದ ಸಿಪಾಯಿ ಒಬ್ಬ ಬಂದ. ಕೈಯಲ್ಲಿ ಗುದ್ದಲಿ, ಕಂಕುಳಲ್ಲಿ ನಂಬರು ಬರೆದ ಹಲಗೆ. ಪಟ್ಟಿ ನೋಡಿದ. ಹೆಸರು ಸಿಗಲಿಲ್ಲ.

"ಇವಳು ಪಟ್ಟಿಯಲ್ಲೇ ಇಲ್ಲವಲ್ಲ. ಇರಲಿ, ಈಗ ಸೇರಿಸ್ತೀನಿ. ಜಪ್ತಿ ಮಾಲು, ಹೆಂಗಸು, ಒಂದು. ನಂಬರು ನಾನೂರ ಹನ್ನೆರಡು."

"ಬ್ಯಾಡಿ" ಅಂದೆ.

"ಏನು ಬೇಡ?"

"ನಂಬ್ರು ಬ್ಯಾಡ. ಪಟ್ಟೀಲೂ ಬ್ಯಾಡ."

"ಪಟ್ಟಿಯಲ್ಲಿ ಇಲ್ಲದ ಹೆಣಕ್ಕೆ ನಾನು ಗುಂಡಿ ತೋಡೋ ಹಾಗಿಲ್ಲ."

ಅವನ ಕೈಯಿಂದ ಗುದ್ದಲಿ ಕಿತ್ತುಕೊಂಡೆ. ಅವನು ಬಯ್ದ. ನಾನು ತೋಡಿದೆ. ಟೆಂಪಿ ತಟ್ಟೆಯಲ್ಲಿ ಮಣ್ಣು ಎತ್ತಿ ಹಾಕಿದಳು. ಅದೇ ಹತ್ತಿ ಚೀಲದಲ್ಲಿ ಅವ್ವನನ್ನು ಸುತ್ತಿ ಇಳಿಸಿದೆವು. ಮಣ್ಣು ಮುಚ್ಚಿ ತುಳಿಯುವ ತನಕ ಆ ಸಿಪಾಯಿ ಹಲಗೆ ಹಿಡಿದುಕೊಂಡು ಅಲ್ಲೇ ನಿಂತಿದ್ದ. ಕೊನೆಗೆ ಅವನ ದನಿ ಬೇಡಿಕೊಳ್ಳುವವನ ದನಿಯಾಯಿತು.

"ನೋಡಮ್ಮ, ನೆಲದಲ್ಲಿ ನಾನೂರ ಹನ್ನೆರಡು, ಪಟ್ಟಿಯಲ್ಲಿ ನಾನೂರ ಹನ್ನೊಂದು. ಲೆಕ್ಕ ತಾಳೆ ಆಗಲ್ಲ."

"ಆಗ್ದಿದ್ರೆ ಬುಡಿ" ಅಂದೆ.